ಬಿಸ್ಕತ್ತು ಮಾರಿ ಪ್ಯಾರಾ ಕ್ರೀಡೆಯ ಖರ್ಚು ನಡೆಸುವುದು ಹೇಗೆ

ಪದಕ ಬಂದ ಮೇಲೆ ಹಾರ ಹಾಕುವವರು ಬರುತ್ತಾರೆ, ಬಹುಮಾನದ ರೊಕ್ಕವೂ ಬರುತ್ತದೆ. ಅದಕ್ಕೂ ಮುಂಚಿನ ವರ್ಷಗಳ ಖರ್ಚು ಮಾತ್ರ ಮನೆಯದೇ. ನಾನು ಧಾರವಾಡದಲ್ಲಿದ್ದೇನೆ. ಪ್ಯಾರಾ ಕ್ರೀಡೆಯಲ್ಲಿ, ಅಂದರೆ ಅಂಗವಿಕಲರ ಕ್ರೀಡೆಯಲ್ಲಿ, ಕುಳಿತು ಗುಂಡು (ಶಾಟ್‌ಪುಟ್) ಎಸೆಯುವ ವಿಭಾಗದಲ್ಲಿ ಆಡುತ್ತೇನೆ, ಖರ್ಚಿನ ದೊಡ್ಡ ಪಾಲು ಮನೆಯ ಓವನ್ನಿನಿಂದಲೇ ಬರುತ್ತದೆ. ಹೇಗೆ ಶುರು ಮಾಡಬೇಕು ಅಂತ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಓವನ್ ಕೊಳ್ಳಲು ಓಡಬೇಡಿ. ಒಂದು ನೋಟ್‌ಬುಕ್ ತಗೊಂಡು ಆಟದ ಖರ್ಚು ಬರೆಯಿರಿ. ರಾಜ್ಯ ಮಟ್ಟದ ಕೂಟ, ರಾಷ್ಟ್ರೀಯ ಕೂಟ, ಎಂಟ್ರಿ ಫೀ, ನಿಮ್ಮ ಟಿಕೆಟ್, ಜೊತೆಗೆ ಬರುವವರ ಟಿಕೆಟ್, ಗಾಲಿಕುರ್ಚಿ ಹೋಗುವಂಥ ಬಾಗಿಲಿರುವ ರೂಮಿನ ಬಾಡಿಗೆ (ಅಗ್ಗದ ಲಾಡ್ಜ್‌ಗಳಲ್ಲಿ ಬಚ್ಚಲು ಮನೆಯ ಬಾಗಿಲು ಸಣ್ಣದಿರುತ್ತದೆ, ಹಾಗಾಗಿ ನಮಗೆ ಅಗ್ಗದ ರೂಮು ಸಿಗುವುದೇ ಕಷ್ಟ), ಆಟೋ, ಗುಂಡು, ಕೈಗೆ ಹಚ್ಚುವ ಚಾಕ್ ಪುಡಿ. ಇದೆಲ್ಲ ಕೂಡಿಸಿ ಬಂದ ಮೊತ್ತವೇ ನಿಮ್ಮ ವರ್ಷದ ಗುರಿ. ಎಷ್ಟು ಬೇಯಿಸಬೇಕು ಅನ್ನುವುದು ಆ ಮೊತ್ತದಿಂದ ಗೊತ್ತಾಗುತ್ತದೆ. ಗುರಿ ಇಲ್ಲದೆ ಶುರು ಮಾಡಿದರೆ ಬೇಕರಿ ಕೆಲಸವೇ ದಿನವನ್ನೆಲ್ಲ ತಿಂದು, ಮೈದಾನಕ್ಕೆ ಹೋಗಲು ಸಮಯವೇ ಉಳಿಯುವುದಿಲ್ಲ.

ಎರಡು ಕೆಲಸ ಮುಂದಕ್ಕೆ ಹಾಕಬೇಡಿ. ಒಂದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸರ್ಕಾರದ ಹೆಚ್ಚಿನ ಸೌಲಭ್ಯಗಳಿಗೆ 40% ಅಂಗವೈಕಲ್ಯ ಇರಬೇಕು ಅನ್ನುವ ನಿಯಮವಿದೆ, ಅದು ಈ ಕಾರ್ಡಿನಲ್ಲಿ ನಮೂದಾಗಿರುತ್ತದೆ. ಇನ್ನೊಂದು ನಿಮ್ಮ ಕ್ಲಾಸಿಫಿಕೇಶನ್, ಅಂದರೆ ಯಾವ ವರ್ಗದಲ್ಲಿ ಆಡುತ್ತೀರಿ ಅನ್ನುವುದು. ಹಾಸನದ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದದ್ದು ಎಫ್42 ವರ್ಗದಲ್ಲಿ (ಎಫ್ ಅಂದರೆ ಫೀಲ್ಡ್, ಅಂಕಿ ಅಂಗವೈಕಲ್ಯದ ಬಗೆ). ಕುಳಿತು ಎಸೆಯುವವರಿಗೆ ಎಫ್51ರಿಂದ ಎಫ್57ರವರೆಗೆ ವರ್ಗಗಳಿವೆ. ವರ್ಗ ಗೊತ್ತಾಗದೆ ಸಾಮಾನು ಕೊಳ್ಳಬೇಡಿ, ಯಾಕೆಂದರೆ ಗುಂಡಿನ ತೂಕವೂ ವರ್ಗದ ಮೇಲೆ ಹೋಗುತ್ತದೆ. ಎಫ್57ರಲ್ಲಿ ಗಂಡಸರಿಗೆ 4 ಕೆಜಿ, ಹೆಂಗಸರಿಗೆ 3 ಕೆಜಿ.

ಕುಳಿತು ಎಸೆಯಲು ಬೇಕಾದ ಕುರ್ಚಿಯನ್ನು ಹೊರಗಿನಿಂದ ತರಿಸಲೇಬೇಕು ಅಂತೇನಿಲ್ಲ. ಹುಬ್ಬಳ್ಳಿಯಲ್ಲಿ ಗೋಕುಲ ರೋಡ್, ತಾರಿಹಾಳ ಕಡೆ ಒಳ್ಳೆಯ ಫ್ಯಾಬ್ರಿಕೇಶನ್ ಮಾಡುವವರಿದ್ದಾರೆ. ಅವರ ಮುಂದೆ ನಿಯಮಗಳನ್ನು ಇಡಿ: ಕುಶನ್ ಸೇರಿ ಸೀಟಿನ ಎತ್ತರ 75 ಸೆಂ.ಮೀ. ದಾಟಬಾರದು. ಸೀಟು ಉದ್ದಕ್ಕೂ ಅಗಲಕ್ಕೂ ಕನಿಷ್ಠ 30 ಸೆಂ.ಮೀ. ಇರಬೇಕು, ಸಮತಟ್ಟಾಗಿರಬೇಕು ಇಲ್ಲವೇ ಹಿಂದಕ್ಕೆ ಇಳಿಜಾರಾಗಿರಬೇಕು. ಕೈ ಹಿಡಿಯುವ ಕಂಬಿ ಒಂದೇ ನೇರ ತುಂಡಾಗಿರಬೇಕು, ಅದರಲ್ಲಿ ಸ್ಪ್ರಿಂಗ್ ಆಗಲಿ ಅಲುಗಾಡುವ ಜಾಯಿಂಟ್ ಆಗಲಿ ಇರಬಾರದು. ಕಾಲು ಕಟ್ಟುವ ಪಟ್ಟಿ ಎಳೆದರೆ ಹಿಗ್ಗಬಾರದು. ವೆಲ್ಡಿಂಗ್ ಮುಗಿಯುವವರೆಗೆ ಟೇಪ್ ಹಿಡಿದು ನೀವೇ ಅಲ್ಲಿ ಕುಳಿತಿರಿ. ಕೂಟದಲ್ಲಿ ಕುರ್ಚಿ ಅಳೆದೇ ಒಳಗೆ ಬಿಡುತ್ತಾರೆ.

ಈಗ ಓವನ್ನಿಗೆ ಬರೋಣ. ಬರ್ತ್‌ಡೇ ಕೇಕಿನ ಆಸೆ ಬಿಟ್ಟುಬಿಡಿ ಅನ್ನುವುದು ನನ್ನ ಮಾತು. ಕೇಕಿನಲ್ಲಿ ಲಾಭ ಜಾಸ್ತಿ ಕಾಣುತ್ತದೆ, ಆದರೆ ಅದು ಗ್ರಾಹಕರ ದಿನಕ್ಕೆ ಬೇಕು, ಸಂಜೆ ಆರಕ್ಕೇ ಬೇಕು, ನಿಮ್ಮ ಅಭ್ಯಾಸವೂ ಅದೇ ಹೊತ್ತಿಗೆ ಇರುತ್ತದೆ. ಖಾರ ಬಿಸ್ಕತ್ತು, ಟೋಸ್ಟ್‌ಗಳಲ್ಲಿ ನಮ್ಮೂರ ಬೇಕರಿಗಳ ಜೊತೆ ರೇಟಿನಲ್ಲಿ ಪೈಪೋಟಿ ಮಾಡಲು ಆಗುವುದಿಲ್ಲ. ಉಳಿದದ್ದು ಬಾಳಿಕೆ ಬರುವ ತಿನಿಸು: ಜೋಳದ ಬಿಸ್ಕತ್ತು, ರಾಗಿ ಬಿಸ್ಕತ್ತು, ನಾನ್‌ಖಟಾಯಿ. ಇವನ್ನು ವಾರದಲ್ಲಿ ಒಂದೇ ದಿನ, ಅದೂ ಅಭ್ಯಾಸಕ್ಕೆ ರಜೆ ಇರುವ ದಿನ, ಮಾಡಿ ಡಬ್ಬಿ ತುಂಬಿಸಿಡಬಹುದು. ಜೋಳದಲ್ಲಿ ಗ್ಲುಟೆನ್ (ಹಿಟ್ಟನ್ನು ಹಿಡಿದಿಡುವ ಅಂಟು) ಇಲ್ಲ, ಬರೀ ಜೋಳದ ಹಿಟ್ಟಾದರೆ ಬಿಸ್ಕತ್ತು ಪುಡಿಪುಡಿಯಾಗುತ್ತದೆ. ಮೂರರಲ್ಲಿ ಒಂದು ಪಾಲು ಗೋಧಿ ಹಿಟ್ಟು ಸೇರಿಸಿ. ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅರ್ಧ ತಾಸು ಬಿಚ್ಚಿಟ್ಟರೂ ಮೆತ್ತಗಾಗುತ್ತದೆ. ಮೊಟ್ಟೆ ಬೇಡ. ನಮ್ಮ ಕಡೆ ಮೊಟ್ಟೆ ಮುಟ್ಟದ ಮನೆಗಳು ಬಹಳ.

ರೇಟು ಹೀಗೆ ಹಾಕಿ. ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಊರಿನ ಸಂತೆ ರೇಟು ಹಾಕಿಕೊಳ್ಳಿ. 1 ಕೆಜಿ ಜೋಳದ ಬಿಸ್ಕತ್ತಿಗೆ ಹಿಟ್ಟು, ಬೆಣ್ಣೆ, ಬೆಲ್ಲ ಸೇರಿ 220 ರೂಪಾಯಿ, ಪ್ಯಾಕಿಂಗ್ 30, ಕರೆಂಟು 15, ನಿಮ್ಮ ಒಂದು ತಾಸಿನ ಕೂಲಿ 80. ಒಟ್ಟು 345. ಮಾರುವುದು 450ಕ್ಕೆ. ಉಳಿದ 105 ಆಟದ ರೊಕ್ಕ. ಕೂಲಿ ಬೇರೆ, ಇದು ಬೇರೆ. ಕೂಲಿಯನ್ನು ಮನೆ ಖರ್ಚಿಗೆ ಕೊಡಿ, ಆಗ ಮನೆಯವರಿಗೂ ನೀವು ದುಡಿಯುತ್ತಿದ್ದೀರಿ ಅನ್ನುವುದು ಕಾಣುತ್ತದೆ. ಬೆಂಗಳೂರಿನ ಒಂದು ಕೂಟಕ್ಕೆ ಇಬ್ಬರಿಗೆ 6,000 ಬೇಕು ಅಂದರೆ ಸುಮಾರು 57 ಕೆಜಿ ಮಾರಬೇಕು. ನಾಲ್ಕು ತಿಂಗಳು ಮುಂಚೆ ಶುರು ಮಾಡಿದರೆ ವಾರಕ್ಕೆ 250 ಗ್ರಾಂನ 14 ಪ್ಯಾಕೆಟ್ ಸಾಕು. ಇಷ್ಟಕ್ಕೆ ಯಾರೂ ಹೆದರಬೇಕಿಲ್ಲ, ಅಲ್ವಾ? ಆದರೆ ಇದನ್ನೇ ಅಂಗಡಿಯಲ್ಲಿಟ್ಟು ಅವರಿಗೆ 20% ಬಿಟ್ಟರೆ ಕೆಜಿಗೆ 90 ಹೋಗುತ್ತದೆ, ಕೈಯಲ್ಲಿ ಉಳಿಯುವುದು 15. ಹಾಗಾಗಿ ಶುರುವಿನಲ್ಲಿ ನೇರವಾಗಿಯೇ ಮಾರಿ.

ಯಾರಿಗೆ ಮಾರುವುದು? ಧಾರವಾಡದಲ್ಲಿ ಸಪ್ತಾಪುರದ ಸುತ್ತ ಪರೀಕ್ಷೆಗೆ ಓದುವ ಮಂದಿ ರೂಮು ಮಾಡಿಕೊಂಡಿರುತ್ತಾರೆ, ಸಂಜೆ ಚಹಾದ ಜೊತೆಗೆ ಅವರಿಗೆ ಏನಾದರೂ ಬೇಕೇ ಬೇಕು. ಪಿಜಿ ನಡೆಸುವ ಅಕ್ಕಂದಿರನ್ನು ಮಾತಾಡಿಸಿ ತಿಂಗಳ ಆರ್ಡರ್ ಹಿಡಿಯಿರಿ. ಬ್ಯಾಂಕು, ಶಾಲೆ, ಕಾಲೇಜಿನ ಸಿಬ್ಬಂದಿಯೂ ಆಗಬಹುದು. ಪ್ಯಾಕೆಟ್ ಮೇಲೆ ನಿಮ್ಮ ಆಟದ ಬಗ್ಗೆ ಒಂದು ಸಾಲು ಬರೆಯಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕನಿಕರ ಬರುವ ಹಾಗೆ ಬರೆಯಬೇಡಿ. ಕನಿಕರಕ್ಕೆ ಮಂದಿ ಒಂದು ಸಲ ಕೊಳ್ಳುತ್ತಾರೆ, ರುಚಿಗೆ ತಿಂಗಳು ತಿಂಗಳೂ ಕೊಳ್ಳುತ್ತಾರೆ.

ಅಡುಗೆಮನೆಯ ವಿಷಯದಲ್ಲಿ ಎರಡು ಮಾತನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನಲ್ಲಿ ಸ್ಪರ್ಶ ಗೊತ್ತಾಗದವರು ಬಿಸಿ ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೇಬಾರದು, ಬಟ್ಟೆ ಹಾಸಿಕೊಂಡರೂ ಬೇಡ. ಚರ್ಮ ಸುಟ್ಟದ್ದು ನಮಗೆ ಗೊತ್ತಾಗುವುದಿಲ್ಲ, ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ಸೀಸನ್ ಪೂರ್ತಿ ಹೋಗುತ್ತದೆ. ಓಟಿಜಿಯನ್ನು (ಕರೆಂಟಿನ ಸಣ್ಣ ಓವನ್) ನೀವು ಕುಳಿತಾಗ ಮೊಣಕೈ ಬರುವ ಎತ್ತರಕ್ಕೆ ಇಟ್ಟು, ಪಕ್ಕದಲ್ಲೇ ಅಷ್ಟೇ ಎತ್ತರದ ಟೇಬಲ್ ಹಾಕಿ, ಟ್ರೇ ಎತ್ತಿಕೊಂಡು ಓಡಾಡುವ ಪ್ರಸಂಗವೇ ಬರಬಾರದು. ಎರಡನೆಯದು ಭುಜ. ಗಾಲಿ ತಳ್ಳುವುದೂ ಅದೇ ಭುಜ, ಗುಂಡು ಎಸೆಯುವುದೂ ಅದೇ ಭುಜ, ಹಿಟ್ಟು ನಾದುವುದೂ ಅದೇ. ಮೊದಲ ಲಾಭದಲ್ಲಿ ಹಿಟ್ಟು ಕಲಸುವ ಮಷೀನ್ ತಗೊಳ್ಳಿ, ಚಂದದ ಬಾಕ್ಸು, ಸ್ಟಿಕ್ಕರ್ ಆಮೇಲೆ ನೋಡಿದರಾಯಿತು.

ಕಾಗದಪತ್ರ ಜಾಸ್ತಿ ಇಲ್ಲ. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ನೋಂದಣಿ ಸಾಕು, ಅದರ ಫಾಸ್ಕಾಸ್ ಪೋರ್ಟಲ್‌ನಲ್ಲಿ ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಆಗುತ್ತದೆ. ಅಲ್ಲಿ ಸಿಗುವ 14 ಅಂಕಿಯ ನಂಬರು, ಹಾಕಿದ ಸಾಮಗ್ರಿ, ತೂಕ, ಮಾಡಿದ ದಿನ, ಎಲ್ಲಿಯವರೆಗೆ ತಿನ್ನಬಹುದು, ಬೆಲೆ, ವಿಳಾಸ, ಹಸಿರು ಚುಕ್ಕಿ ಇಷ್ಟು ಪ್ಯಾಕೆಟ್ ಮೇಲೆ ಇರಲಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಪುಕ್ಕಟೆ, ಅದಕ್ಕೆ ರೊಕ್ಕ ಕೇಳುವ ಏಜೆಂಟರಿಗೆ ಕೊಡಬೇಡಿ. ಮುಂದೆ ದೊಡ್ಡ ಓವನ್ ಬೇಕಾದಾಗ ಪಿಎಂಎಫ್‌ಎಂಇ (ಸಣ್ಣ ಆಹಾರ ಉದ್ಯಮಗಳಿಗೆ ನೆರವಿನ ಯೋಜನೆ) ಆಗ ಜಾರಿಯಲ್ಲಿದೆಯೇ ನೋಡಿ. ಅದು ಬ್ಯಾಂಕ್ ಸಾಲದ ಜೊತೆ 35% ಸಬ್ಸಿಡಿ, ಗರಿಷ್ಠ 10 ಲಕ್ಷದವರೆಗೆ, ಕೊಡಲೆಂದು ಶುರುವಾದದ್ದು. ಮೊದಲ ವರ್ಷವೇ ಸಾಲ ಬೇಡ. ಕೂಟಕ್ಕೆ ಹೋದ ತಿಂಗಳು ಮಾರಾಟ ಕಡಿಮೆಯಾಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಕರೆಂಟ್ ಬಿಲ್ಲನ್ನು ಪ್ರತಿ ತಿಂಗಳು ನೋಡಿ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. 1500 ವ್ಯಾಟಿನ ಓಟಿಜಿ ತಾಸಿಗೆ ಹೆಚ್ಚೆಂದರೆ ಒಂದೂವರೆ ಯೂನಿಟ್ ತಗೊಳ್ಳುತ್ತದೆ, ಅದರ ಮೇಲೆ ಲೆಕ್ಕ ಹಾಕಿಕೊಳ್ಳಿ. ವ್ಯಾಪಾರ ಬೆಳೆದರೆ ಮೀಟರ್ ಬದಲಿಸಬೇಕೇ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಮುಂಚೆಯೇ ಕೇಳಿಕೊಳ್ಳಿ.

ಆಟದ ರೊಕ್ಕಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ, ಅದರ ಯುಪಿಐ ಫೋನಿನಲ್ಲಿ ಇಡಬೇಡಿ. ಮನೆಯಲ್ಲಿ ಮದುವೆ ಮುಂಜಿ ಬಂದಾಗ ಕೈ ಹೋಗುವುದು ಕೈಗೆ ಸಿಗುವ ಖಾತೆಗೇ.

ಅಡುಗೆಮನೆಗೂ ಆಟಕ್ಕೂ ಸೇರಿದ ಇನ್ನೊಂದು ವಿಷಯ ಗಸಗಸೆ. ಅದರಲ್ಲಿ ಮಾರ್ಫೀನ್ ಅಂಶ ಸ್ವಲ್ಪ ಇರುತ್ತದೆ, ಮೂತ್ರ ಪರೀಕ್ಷೆಯಲ್ಲಿ ಸಿಗಬಹುದು. ಮಾರ್ಫೀನ್ ಸ್ಪರ್ಧೆಯ ವೇಳೆಗೆ ನಿಷೇಧಿತ. ಆದ್ದರಿಂದ ಕೂಟದ ಹಿಂದಿನ ದಿನಗಳಲ್ಲಿ ಗಸಗಸೆ ಪಾಯಸ ಬೇಡ, ಗಸಗಸೆ ಉದುರಿಸಿದ ಬಿಸ್ಕತ್ತಿನ ರುಚಿ ನೋಡುವುದೂ ಬೇಡ. ದಿನಾ ನುಂಗುವ ಗುಳಿಗೆಗಳ ಹೆಸರನ್ನೂ ಕ್ರೀಡಾ ವೈದ್ಯರಿಗೆ ಮೊದಲೇ ತೋರಿಸಿ.

ಕೂಟಕ್ಕೆ ಹೊರಡುವ ಮುಂಚಿನ ವಾರ ಗ್ರಾಹಕರಿಗೆ ತಿಳಿಸಿ, ಸ್ವಲ್ಪ ಜಾಸ್ತಿ ಮಾಡಿ ಪಕ್ಕದ ಮನೆಯವರ ಹತ್ತಿರ ಇಟ್ಟು ಹೋಗಿ, ನೀವಿಲ್ಲದಾಗಲೂ ಪ್ಯಾಕೆಟ್ ಹೋಗುತ್ತಿರುತ್ತದೆ. ಪ್ರಯಾಣದ ಖರ್ಚಿಗೆ ರೈಲ್ವೆಯ ರಿಯಾಯಿತಿ ಕಾರ್ಡ್ ಮಾಡಿಸಿಕೊಂಡಿರಿ. ಜೊತೆಯವರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ 75% ರಿಯಾಯಿತಿ ಇದೆ. ಜೊತೆಗೆ ಬರುವ ಒಬ್ಬರಿಗೂ ಅದೇ ರಿಯಾಯಿತಿ ಸಿಗುತ್ತದೆ, ಅವರ ಟಿಕೆಟನ್ನೂ ಅದರಲ್ಲೇ ಮಾಡಿಸಿ.