ಕೆಡವಿದ ಮನೆಯ ಮರದಿಂದ ಉಪ್ಪರಿಗೆಗೆ ನೆಲ: ಅಗಲದ ಹಲಗೆ ಆರಿಸಿದ ನನ್ನ ಅನುಭವ

ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ಮನೆಯ ಉಪ್ಪರಿಗೆಗೆ ಮರದ ನೆಲ ಹಾಸಲು ನಿಶ್ಚಯಿಸಿದಾಗ, ಹಳೆಯ ಮನೆಗಳ ಮುಚ್ಚಿಗೆಯಲ್ಲಿ ಕಾಣುವಂಥ ಎಂಟು ಇಂಚು ಅಗಲದ ಹಲಗೆಗಳೇ ಬೇಕೆಂಬುದು ನನ್ನ ಬಯಕೆಯಾಗಿತ್ತು. ಆದರೆ ಅಗಲವನ್ನು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ಮರವನ್ನು ಹುಡುಕುವ ಕ್ರಮ ಹೊಸ ದಿಮ್ಮಿಗೆ ಸಲ್ಲಬಹುದೇ ಹೊರತು ಕೆಡವಿದ ಮನೆಯ ಮರಕ್ಕೆ ಸಲ್ಲುವುದಿಲ್ಲ. ಆದ್ದರಿಂದ ನಾನು ಮೊದಲು ಮರವನ್ನು ಕೊಂಡು, ಅದರ ಜಾತಿಯನ್ನೂ ತೇವವನ್ನೂ ನೋಡಿ, ಯಾವ ತುಂಡು ಎಷ್ಟು ಅಗಲಕ್ಕೆ ಯೋಗ್ಯವೆಂದು ಲೆಕ್ಕ ಹಾಕಿದ ಮೇಲೆಯೇ ಕೋಣೆಯ ನಕ್ಷೆಯನ್ನು ಬರೆದೆ.

ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇನೆ. ಗಾಳಿಯ ತೇವವನ್ನು ಹೀರಿ ಮರ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟು ಹೆಚ್ಚು. ದಿಮ್ಮಿಯನ್ನು ಹಾಗೆಯೇ ಸೀಳಿ ತೆಗೆದ 200 ಮಿ.ಮೀ. (ಸುಮಾರು ಎಂಟು ಇಂಚು) ಅಗಲದ ತೇಗದ ಹಲಗೆಯ ತೇವಾಂಶ ಶೇ. 4ರಷ್ಟು ಬದಲಾದರೆ ಅದರ ಅಗಲ ಸುಮಾರು 1.5 ಮಿ.ಮೀ. ಬದಲಾಗುತ್ತದೆ. ಮರದ ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಅದೇ ಮರವನ್ನು ಕೊಯ್ದರೆ ಬದಲಾವಣೆ 0.8 ಮಿ.ಮೀ.ಗೆ ಇಳಿಯುತ್ತದೆ. ಅಮೆರಿಕದ ಮನೆಗಳ ನೆಲಕ್ಕೆ ಬಹಳವಾಗಿ ಬಳಸುವ ಓಕ್ ಮರವನ್ನು ಹಾಗೆಯೇ ಸೀಳಿದ್ದಾದರೆ ಇದು ಹೆಚ್ಚುಕಡಿಮೆ 3 ಮಿ.ಮೀ. ಆಗುತ್ತದೆ. ಆಷಾಢದ ಮಳೆಗೂ ಮಾರ್ಚಿನ ಬಿಸಿಲಿಗೂ ನಡುವೆ ನಮ್ಮ ಮಲೆನಾಡಿನಲ್ಲಿ ಮರದ ತೇವ ಶೇ. 4ಕ್ಕಿಂತ ಹೆಚ್ಚೇ ಏರಿಳಿಯುವುದರಿಂದ, ಬೆಂಗಳೂರಿನ ಮನೆಯೊಂದರಲ್ಲಿ ಚೆನ್ನಾಗಿ ಕೂತ ಅಗಲ ಇಲ್ಲಿಯೂ ಹಾಗೆಯೇ ಕೂರುತ್ತದೆಂದು ನಂಬುವಂತಿರಲಿಲ್ಲ.

ಮರ ಸಿಕ್ಕಿದ್ದು ಕುಂದಾಪುರದ ಕಡೆ ಕೆಡವಿದ ಒಂದು ಹಂಚಿನ ಮನೆಯದು. ತೇಗದ ತೊಲೆಗಳು, ಹಲಸಿನ ಮುಚ್ಚಿಗೆ ಹಲಗೆಗಳು, ಒಂದಿಷ್ಟು ಮತ್ತಿ ಮತ್ತು ಹೊನ್ನೆ ಅಲ್ಲಿದ್ದವು. ಮಾರುವವರು ಇನ್ನೂರು ವರ್ಷದ ಮರವೆಂದು ಹೇಳುತ್ತಿದ್ದರು. ಮಾಡಿನ ಇಳಿಜಾರಿನ ಪಕಾಸಿಗಳ ಮೇಲೆ ಒಂದಡಿಗೊಂದರಂತೆ ರೀಪಿನ (ಹಂಚು ಕೂರಿಸುವ ಅಡ್ಡಪಟ್ಟಿಯ) ಮೊಳೆಯ ತೂತುಗಳ ಒಂದೇ ಸಾಲು ಇದ್ದುದರಿಂದ, ಆ ಮಾಡು ಆರಂಭದಿಂದಲೂ ಮಂಗಳೂರು ಹಂಚಿನದ್ದೆಂದು ಊಹಿಸಲು ಕಷ್ಟವಾಗಲಿಲ್ಲ; ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆದ್ದರಿಂದ ಇನ್ನೂರು ವರ್ಷದ ಮಾತು ನಂಬುವಂತಿರಲಿಲ್ಲ. ಹಾಗೆ ನೋಡಿದರೆ ವಯಸ್ಸಿಗೆ ನಾನು ಹೆಚ್ಚಿನ ಬೆಲೆಯನ್ನೇನೂ ಕೊಡುತ್ತಿರಲಿಲ್ಲ. ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು ಎಷ್ಟಿದೆ, ಅಂಚಿನ ಬಿಳಿ ಮರ ಎಷ್ಟಿದೆ ಎಂಬುದೇ ಮುಖ್ಯ, ಏಕೆಂದರೆ ಹುಡಿ ಉದುರಿಸುವ ಕುಟ್ಟೆ ಹುಳು ಹಿಡಿಯುವುದು ಆ ಬಿಳಿ ಭಾಗವನ್ನೇ.

ಹೊನ್ನೆಯನ್ನು ನಾನು ಬಿಟ್ಟೆ. ನೀರು ತಾಗಿದರೆ ಬಣ್ಣ ಬಿಡುವ ಮರ ಅದು. ಒದ್ದೆ ಬಟ್ಟೆಯಿಂದ ಒರೆಸುವ ನೆಲಕ್ಕೆ ಹೊಂದುವುದಿಲ್ಲ. ಹಲಸನ್ನು ಸಂತೋಷದಿಂದ ಕೊಂಡೆ. ಕೀಸಿದಾಗ ಹಳದಿಯಾಗಿ ಕಂಡರೂ ಬೆಳಕಿಗೆ ಅದು ಕ್ರಮೇಣ ಕಂದಾಗುತ್ತದೆ, ಆದ್ದರಿಂದ ತೇಗದ ಪಕ್ಕದಲ್ಲಿ ಎದ್ದು ಕಾಣುತ್ತದೆಂಬ ಚಿಂತೆ ಅನಗತ್ಯ. ಬೆಲೆಯನ್ನು ಘನ ಅಡಿಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಘನ ಅಡಿಯಿಂದ ಒಂದು ಇಂಚು ದಪ್ಪದ ಹನ್ನೆರಡು ಚದರ ಅಡಿ ಹಲಗೆ ಬರಬೇಕೆಂಬುದು ಕಾಗದದ ಲೆಕ್ಕವಷ್ಟೇ. ಗರಗಸದ ಹುಡಿ, ಕೀಸಿದ ಹೊಟ್ಟು, ಗೂಟದ ಕಿಂಡಿಗಳು, ಒಡೆದ ತುದಿಗಳು ಎಲ್ಲ ಕಳೆದು ನನಗೆ ದಕ್ಕಿದ್ದು ಅದರ ಅರ್ಧದಷ್ಟು.

ತೊಲೆಗಳನ್ನು ಸೀಳಿಸಲು ಒಯ್ದಾಗ ಸಾಮಿಲ್ಲಿನವರು, "ಮೊಳೆ ಇದ್ರೆ ನಮ್ಮ ಬ್ಲೇಡ್ ಹೋಗ್ತದೆ ಮಾರಾಯ್ರೆ, ಅದರ ದುಡ್ಡು ನೀವೇ ಕೊಡ್ಬೇಕಾಗ್ತದೆ" ಎಂದು ಮೊದಲೇ ಹೇಳಿದರು. ಅದು ನ್ಯಾಯವಾದ ಮಾತೇ. ಕೈಯಲ್ಲಿ ಹಿಡಿಯುವ ಲೋಹಶೋಧಕದಿಂದ ಪ್ರತಿ ತೊಲೆಯ ನಾಲ್ಕೂ ಮುಖಗಳನ್ನು ನೋಡಿ, ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮುರಿದು ಒಳಗುಳಿದ ಮೊಳೆಗಳನ್ನು ಉಳಿಯಿಂದ ಬಿಡಿಸಿದೆವು. ಕೆಲವು ಮುಚ್ಚಿಗೆ ಹಲಗೆಗಳಿಗೆ ಹಸಿರು ಬಣ್ಣ ಬಳಿದಿದ್ದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸುವುದು ಕ್ಷೇಮ. ಆದಕಾರಣ ಅವುಗಳನ್ನು ಒಣಗಿದಂತೆಯೇ ಉಜ್ಜಲು ಬಿಡದೆ, ಒದ್ದೆ ಮಾಡಿ, ಮಕ್ಕಳಿಲ್ಲದ ಕಡೆ ಹೆರೆಸಿ, ಹೆರೆದ ಚಕ್ಕೆಯನ್ನು ಬೇರೆಯಾಗಿ ತುಂಬಿಸಿ ತೆಗೆದೆವು.

ಹಳೆಯ ಮರ ಒಣಗಿಯೇ ಇರುತ್ತದೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೆ ಮಳೆಗಾಲವಿಡೀ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದ ಮರ ಮತ್ತೆ ತೇವ ಹೀರಿರುತ್ತದೆ. ಹೊಸದಾಗಿ ಕೊಯ್ದ ಮುಖಕ್ಕೆ ತೇವಮಾಪಕದ ಸೂಜಿ ಚುಚ್ಚಿ ನೋಡಿದಾಗ ಶೇ. 17ರಷ್ಟು ತೋರಿಸಿತು. ಹಲಗೆಗಳ ನಡುವೆ ರೀಪು ಕೊಟ್ಟು, ಅವು ಕೊನೆಗೆ ಇರಬೇಕಾದ ಅದೇ ಉಪ್ಪರಿಗೆಯಲ್ಲಿ ಕಿಟಕಿ ತೆರೆದು ಪೇರಿಸಿಟ್ಟೆವು. ಮಾಪಕ ಶೇ. 13ರ ಆಸುಪಾಸಿನಲ್ಲಿ ನಿಂತ ಮೇಲೆ, ಚಳಿಗಾಲದಲ್ಲಿ, ಅಂದರೆ ತೇವ ವರ್ಷದ ಎರಡು ತುದಿಗಳ ನಡುವೆ ಇರುವಾಗ ಹಾಸಲು ಆರಂಭಿಸಿದೆವು.

ಉಂಗುರಗಳು ಲಂಬವಾಗಿ ಬಂದ ತೇಗಕ್ಕೆ ಮಾತ್ರ ಎಂಟು ಇಂಚನ್ನು ಉಳಿಸಿಕೊಂಡು, ಉಳಿದ ತೇಗವನ್ನೂ ಹಲಸನ್ನೂ ಆರು ಇಂಚಿಗೆ, ಬಿರುಕು ಬಿಡುವ ಸ್ವಭಾವದ ಮತ್ತಿಯನ್ನು ಐದಕ್ಕೆ ಇಳಿಸಿದೆ. ಒಂದು ಸಾಲಿನಲ್ಲಿ ಒಂದೇ ಅಗಲ, ಸಾಲಿನಿಂದ ಸಾಲಿಗೆ ಬೇರೆ ಅಗಲ. ಮರಗೆಲಸದ ಆಚಾರ್ರು ಮೊದಲು ಒಪ್ಪಲಿಲ್ಲ. ಎಲ್ಲವೂ ಸಮವಾಗಿದ್ದರೇ ಅಂದವೆಂಬುದು ಅವರ ವಾದ. ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಹಲಗೆಗಳು ಎಂದೂ ಸಮವಾಗಿರಲಿಲ್ಲವೆಂದು ಹೇಳಿದ ಮೇಲೆ ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯದು. ಹಲಗೆಯ ಒಂದು ಅಂಚನ್ನು ಜಂತಿಗೆ ಸ್ಕ್ರೂವಿನಿಂದ ಬಿಗಿದು, ಇನ್ನೊಂದು ಅಂಚು ಪಕ್ಕದ ಹಲಗೆಯ ಅಂಚಿನಲ್ಲಿ ಕೊರೆದ ತೋಡಿನೊಳಗೆ ಜಾರಾಡುವಂತೆ ಬಿಟ್ಟೆವು. ಎಂಟು ಇಂಚಿನವಕ್ಕೆ ನಡುವೆಯೂ ಒಂದು ಸ್ಕ್ರೂ ಹಾಕಿ ಅದೇ ಮರದ ಬಿರಡೆಯಿಂದ ಮುಚ್ಚಿದೆವು. ಅಂಟು ಬಳಸಲಿಲ್ಲ. ಗೋಡೆಯ ಬದಿಯಲ್ಲಿ 15 ಮಿ.ಮೀ. ಜಾಗ ಬಿಟ್ಟು ಮೇಲೆ ಮರದ ಪಟ್ಟಿ ಹೊಡೆದೆವು.

ಹಲಗೆಗಳ ಅಡಿಗೆ, ಹಾಸುವ ಮುನ್ನವೇ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರು ಎಣ್ಣೆ ಬಳಿಸಿದ್ದೆ. ಅದು ಚರ್ಮವನ್ನು ಸುಡುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು, ಕಪ್ಪು ಬಣ್ಣದ ಕಾರಣ ಮೇಲ್ಮೈಗಂತೂ ಸಲ್ಲದು. ಮೇಲ್ಮೈಗೆ ಪಾಲಿಯುರೆಥೇನ್ ಎಂಬ ಗಟ್ಟಿ ವಾರ್ನಿಷನ್ನು ಬಿಟ್ಟು ಎಣ್ಣೆ ಮತ್ತು ಮೇಣದ ಲೇಪ ಹಾಕಿಸಿದೆ. ಗೀರು ಬಿದ್ದರೆ ಅಷ್ಟು ಭಾಗವನ್ನು ಮಾತ್ರ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು. ಏಪ್ರಿಲಿನಲ್ಲಿ ಸಾಲುಗಳ ನಡುವೆ ಸಣ್ಣ ಸಂದುಗಳು ಕಾಣಿಸಿಕೊಂಡಾಗ ಮನೆಯವರು ಪುಟ್ಟಿ ತುಂಬಿಸೋಣವೆಂದರು. ನಾನು ಬೇಡವೆಂದೆ: ಮಳೆ ಹಿಡಿದ ಮೇಲೆ ಹಲಗೆ ಹಿಗ್ಗಿ ಪುಟ್ಟಿಯನ್ನು ಹೊರಗೆ ತಳ್ಳುತ್ತದೆ, ಇಲ್ಲವೇ ಹಲಗೆಯೇ ಮೇಲೇಳುತ್ತದೆ.