ಕಾಲಿನ ಕವಾಟ ಕೆಟ್ಟವರು ಬಿಗಿ ಕಾಲುಚೀಲ ಹಾಕುವುದು ಹೇಗೆ?

ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಮುಂದೆ ದಿನವಿಡೀ ನಿಲ್ಲುವವರ ಕಾಲು ನೋಡಿ. ಎಷ್ಟೋ ಜನರಿಗೆ ಸಂಜೆಯಾದರೆ ಬಾವು, ಹರಡಿನ ಒಳಮಗ್ಗುಲಿಗೆ ಕಪ್ಪು ಕಲೆ, ಕೆಲವರಿಗೆ ಮಾಯದ ಹುಣ್ಣು. ರಕ್ತನಾಳದೊಳಗಿನ ಕವಾಟ ಸರಿಯಾಗಿ ಮುಚ್ಚದಿದ್ದರೆ ಮೇಲೇರಬೇಕಾದ ರಕ್ತ ಕೆಳಗೆ ಜಾರುತ್ತದೆ, ಕಾಲಲ್ಲೇ ನಿಲ್ಲುತ್ತದೆ.

ಈ ಕವಾಟವನ್ನು ಹೊಲಿದು ಸರಿಮಾಡುವ ಆಪರೇಷನ್ ಇದೆ. 1968ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ಕಿಸ್ಟ್ನರ್ ಇದನ್ನು ಮಾಡಿ ತೋರಿಸಿದರು. ಒಳಗಿನ ದೊಡ್ಡ ನಾಳ ತೆರೆದು, ಜೋತುಬಿದ್ದ ಕವಾಟದ ಅಂಚನ್ನು ಕೂದಲೆಳೆಯಂಥ ದಾರದಿಂದ ಬಿಗಿ ಮಾಡುತ್ತಾರೆ. ಇದು ಬೇಕಾಗುವುದು ಕೆಲವರಿಗೆ ಮಾತ್ರ. ಹೆಚ್ಚಿನವರಿಗೆ ಚರ್ಮದ ಕೆಳಗೇ ಇರುವ ನಾಳಕ್ಕೆ ಲೇಸರ್ ಮಾಡಿದರೆ ಸಾಕಾಗುತ್ತದೆ. ಆದರೆ ಆಪರೇಷನ್ ಆಗಲಿ, ಬಿಡಲಿ, ಬಿಗಿ ಕಾಲುಚೀಲ ಸಾಮಾನ್ಯವಾಗಿ ತಪ್ಪುವುದಿಲ್ಲ. ಜನ ಎಡವುವುದು ಅದನ್ನು ಹಾಕುವುದರಲ್ಲೇ.

ಮೊದಲು ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಅಲ್ಟ್ರಾಸೌಂಡ್. ಅದನ್ನು ನಿಂತುಕೊಂಡೇ ಮಾಡಿಸಿ. ಮಲಗಿದಾಗ ರಕ್ತ ಹಿಂದಕ್ಕೆ ಜಾರುವುದು ಸರಿಯಾಗಿ ಕಾಣುವುದಿಲ್ಲ. ಕಾಲಿನ ಮತ್ತು ತೋಳಿನ ಬಿಪಿ ಹೋಲಿಸಿ ನೋಡಲೂ ಹೇಳಿ. ಕಾಲಿನದು ತೋಳಿನದಕ್ಕಿಂತ ತುಂಬಾ ಕಡಿಮೆ ಇದ್ದರೆ ಬಿಗಿ ಚೀಲವೇ ಅಪಾಯ. ಶುಗರ್ ಇದ್ದವರಂತೂ ಇದನ್ನು ಬಿಡಲೇಬಾರದು.

ಅಳತೆ ಬೆಳಿಗ್ಗೆಯೇ ಕೊಡಿ, ಬಾವು ಏರುವ ಮೊದಲು. ಹರಡಿನ ಮೇಲಿನ ಸಣ್ಣ ಜಾಗ, ಮೀನಖಂಡದ ದಪ್ಪ ಜಾಗ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗಿನ ಉದ್ದ. ಅಂಗಡಿಗೆ ಹೋಗಿ ಸುಮ್ನೆ ‘ಮೀಡಿಯಂ ಕೊಡಿ’ ಎನ್ನಬೇಡಿ. ಪೊಟ್ಟಣದ ಮೇಲೆ ಒತ್ತಡದ ಅಂಕಿಯೇ ಇಲ್ಲದ ಅಗ್ಗದ ಕೊಳವೆಪಟ್ಟಿಗೆ ದುಡ್ಡು ಹಾಕಲೇಬೇಡಿ. ನನ್ನ ಮಟ್ಟಿಗೆ ಮೊಣಕಾಲುದ್ದದ್ದೇ ಸರಿ. ತೊಡೆಯುದ್ದದ್ದನ್ನು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಯಾರೂ ಹಾಕಿಕೊಂಡು ಕೂರುವುದಿಲ್ಲ, ಅಲ್ವಾ?

ಈಗ ಕಷ್ಟದ ಕೆಲಸ. ಬೆಳಿಗ್ಗೆ ಎದ್ದು ಓಡಾಡುವ ಮೊದಲೇ, ಹಾಸಿಗೆಯಲ್ಲೇ ಹಾಕಬೇಕು. ಸ್ನಾನ ಮಾಡಿ, ಚಹಾ ಕುಡಿದು ಹಾಕುತ್ತೇನೆ ಅಂದರೆ ಅಷ್ಟರಲ್ಲಿ ಕಾಲು ಬಾತಿರುತ್ತದೆ. ಕಾಲಿಗೆ ಎಣ್ಣೆ ಇರಬಾರದು. ಕೊಬ್ಬರಿಎಣ್ಣೆ ರಾತ್ರಿ ಹಚ್ಚಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ. ಚೀಲದೊಳಗೆ ಕೈ ಇಳಿಸಿ, ಹಿಮ್ಮಡಿಯ ಜಾಗ ಹಿಡಿದು, ಅಲ್ಲಿಯವರೆಗೆ ಒಳಮಗ್ಗುಲು ಹೊರಗೆ ಮಾಡಿ. ಪಾದದ ಭಾಗ ಒಳಗೇ ಉಳಿಯುತ್ತದೆ. ಅದರೊಳಗೆ ಕಾಲ್ಬೆರಳು ತೂರಿಸಿ, ಹಿಮ್ಮಡಿಗೆ ಹಿಮ್ಮಡಿ ಕೂರುವವರೆಗೆ ಎಳೆಯಿರಿ. ಹಿಮ್ಮಡಿ ಓರೆಯಾದರೆ ಇಡೀ ಚೀಲ ತಿರುಚಿದ ಹಾಗೆ. ತೆಗೆದು ಮತ್ತೆ ಹಾಕಿ. ಉಳಿದದ್ದನ್ನು ಮೇಲಿನ ಪಟ್ಟಿ ಹಿಡಿದು ಜಗ್ಗಬೇಡಿ. ಅಂಗೈಯಿಂದ ಸ್ವಲ್ಪಸ್ವಲ್ಪವೇ ಸವರುತ್ತಾ, ಸುಕ್ಕು ಬಿಡಿಸುತ್ತಾ ಏರಿಸಿ. ಮೊಣಕಾಲಿನ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ. ಉಳಿದ ಬಟ್ಟೆಯನ್ನು ಮಡಚಲೇಬೇಡಿ. ಮಡಚಿದಲ್ಲಿ ಒತ್ತಡ ಜಾಸ್ತಿಯಾಗಿ ರಕ್ತ ಅಲ್ಲೇ ತಡೆಯುತ್ತದೆ.

ರಾತ್ರಿ ತೆಗೆದು ತೊಳೆದು, ನೆರಳಲ್ಲಿ ಒಣಗಿಸಿ. ಆರು ತಿಂಗಳಾದರೆ ಬದಲಿಸಿ. ಹಾಕಿದ ಮೇಲೆ ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಾ ಹೋದರೆ ಆ ಕ್ಷಣವೇ ಬಿಚ್ಚಿ, ವೈದ್ಯರಿಗೆ ತೋರಿಸಿ.