ಕಾವಲಿನ ಹುಲ್ಲು ಉಳಿಸಿಕೊಂಡು ಕುರಿ ಸಾಕುವುದು

ಚಳ್ಳಕೆರೆ, ಹಿರಿಯೂರು, ಮಧುಗಿರಿ, ರಾಣೆಬೆನ್ನೂರು ಸೀಮೆಯ ಕಾವಲಿನಲ್ಲಿ, ಅಂದರೆ ಒಣ ಹುಲ್ಲುಗಾವಲಿನಲ್ಲಿ, ಕುರಿಯೂ ಕೃಷ್ಣಮೃಗವೂ ಒಂದೇ ಹುಲ್ಲು ಮೇಯುತ್ತವೆ. ಎರಡಕ್ಕೂ ಸಾಲಬೇಕಾದರೆ ಕುರಿ ಕೊಳ್ಳುವ ಮುಂಚೆಯೇ ಹುಲ್ಲು ಅಳೆಯಬೇಕು.

ಸೆಪ್ಟೆಂಬರ್ ಕೊನೆಗೆ, ಹುಲ್ಲು ಮೈತುಂಬಿ ನಿಂತಾಗ, ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ದಿಬ್ಬ, ತಗ್ಗು, ಕಲ್ಲುನೆಲ ಎಲ್ಲ ಸೇರಿ ಹತ್ತು ಕಡೆ ಅದನ್ನಿಟ್ಟು, ಒಳಗಿನ ಹುಲ್ಲನ್ನು ಬುಡಕ್ಕೆ ಕೊಯ್ದು, ಗರಿಗರಿ ಒಣಗಿಸಿ ತೂಗಿ. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಸರಾಸರಿ 250 ಗ್ರಾಂ ಬಂದರೆ ಎಕರೆಗೆ ಸುಮಾರು 1 ಟನ್ ಒಣಹುಲ್ಲು. ಅದರಲ್ಲಿ ಅರ್ಧ ನೆಲಕ್ಕೆ, ಬೀಜಕ್ಕೆ, ಕಾಡುಪ್ರಾಣಿಗೆ ಬಿಡಿ. ಉಳಿದದ್ದು 500 ಕೆಜಿ. 30 ಕೆಜಿ ತೂಕದ ಕುರಿ ದಿನಕ್ಕೆ ಸುಮಾರು 1 ಕೆಜಿ ಒಣಮೇವು ತಿನ್ನುತ್ತದೆ, ವರ್ಷಕ್ಕೆ 365. ಹಾಗಾಗಿ 10 ಎಕರೆಗೆ 13 ಕುರಿ. ಕೊಯ್ಲಾದ ಹೊಲದ ಕೂಳೆ, ಕರಿಜಾಲಿ ಕಾಯಿ, ಬನ್ನಿ ಸೊಪ್ಪು ಸೇರಿ ನಾಲ್ಕು ತಿಂಗಳು ಹೊರಗಿನ ಮೇವು ಸಿಗುವುದಾದರೆ 20ರವರೆಗೆ ಹೋಗಬಹುದು, ಅದಕ್ಕೂ ಮೇಲೆ ಬೇಡ. ಹೆಚ್ಚಿಸಿದರೆ ಎರಡು ಮೂರು ವರ್ಷದಲ್ಲಿ ರುಚಿಯಾದ ಹುಲ್ಲೆಲ್ಲ ಹೋಗಿ ತಂಗಡಿ, ಲಂಟಾನ ಏಳುತ್ತವೆ. ಲಂಟಾನ ತಿಂದ ಕುರಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಮುಖದ ಚರ್ಮ ಸುಲಿಯುತ್ತದೆ.

ಕಾವಲನ್ನು ನಾಲ್ಕು ಪಾಲು ಮಾಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ಪಾಲಿಗೆ ಕುರಿ ಕಾಲಿಡಬಾರದು. ನೆಲಗುಬ್ಬಿ, ಬುರ್ಲಿ ಹಕ್ಕಿಗಳು ನೆಲದ ಮೇಲೇ ಮೊಟ್ಟೆಯಿಡುವ ಕಾಲವದು. ಹುಲ್ಲಿನ ಬೀಜವೂ ಆಗಲೇ ಉದುರಬೇಕು. ಪ್ರತಿ ವರ್ಷ ಈ ಪಾಲು ಬದಲಾಗಲಿ. ಉಳಿದ ಮೂರನ್ನು ಬಲೆ ಕಟ್ಟಿ ಒಂಬತ್ತು ತುಂಡು ಮಾಡಿ, ತುಂಡಿಗೆ ನಾಲ್ಕು ದಿನ ಮೇಯಿಸಿ. ಹಿಕ್ಕೆಯಲ್ಲಿ ಬಿದ್ದ ಜಂತುಹುಳದ ಮೊಟ್ಟೆ ಮಳೆಗಾಲದ ಬಿಸಿಯಲ್ಲಿ ಐದಾರು ದಿನಕ್ಕೆ ಸೋಂಕು ತಗುಲಿಸುವ ಮರಿಹುಳವಾಗುತ್ತದೆ, ಅಷ್ಟರಲ್ಲಿ ಕುರಿ ಅಲ್ಲಿಂದ ಹೊರಟಿರಬೇಕು. 36 ದಿನಕ್ಕೆ ಮರಳುವ ಹೊತ್ತಿಗೆ ಬಹುಪಾಲು ಮರಿಹುಳ ಸತ್ತಿರುತ್ತವೆ. ಹುಲ್ಲು ನಾಲ್ಕು ಇಂಚಿಗೆ ಇಳಿದರೆ ನಾಲ್ಕು ದಿನ ತುಂಬದಿದ್ದರೂ ಮುಂದಿನ ತುಂಡಿಗೆ ಹೊಡೆಯಿರಿ, ಏಕೆಂದರೆ ಮರಿಹುಳ ಹೆಚ್ಚಾಗಿ ಬುಡದಲ್ಲೇ ಇರುತ್ತದೆ. ಇಬ್ಬನಿ ಆರುವ ಮುಂಚೆ ಬಿಡಬೇಡಿ.

ಎಲ್ಲ ಕುರಿಗೂ ಒಟ್ಟಿಗೆ ಜಂತುಹುಳದ ಔಷಧಿ ಕುಡಿಸುವ ರೂಢಿ ಬಿಡಬೇಕು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ. ಒಳಗೆ ಕೆಂಪಗಿದ್ದರೆ ಔಷಧಿ ಬೇಡ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹುಳವಿರಬಹುದು, ಅಂಥದಕ್ಕೆ ಮಾತ್ರ ಕೊಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಈ ಪರೀಕ್ಷೆ ಆಗಲೇಬೇಕು. ಐವರ್‌ಮೆಕ್ಟಿನ್ ಎಂಬ ಜಂತುಹುಳದ ಔಷಧಿ ಪಡೆದ ಕುರಿಯ ಹಿಕ್ಕೆಯಲ್ಲಿ ಕೆಲವು ದಿನ ಸಗಣಿ ಜೀರುಂಡೆಯ ಮರಿಗಳು ಬದುಕುವುದು ಕಷ್ಟ. ಜೀರುಂಡೆ ಹೋದರೆ ಗೊಬ್ಬರ ಮಣ್ಣಿಗಿಳಿಯುವುದೂ ನಿಧಾನವಾಗುತ್ತದೆ. ಆದ್ದರಿಂದ ಅದರ ಬದಲು ಫೆನ್‌ಬೆಂಡಜೋಲ್ ಸಾಕಾಗುತ್ತದೆಯೇ ಎಂದು ಮೊದಲು ಪಶುವೈದ್ಯರನ್ನು ಕೇಳಿ. ಕುಂಟುವ ಕುರಿಗೆ ನೋವಿನ ಇಂಜೆಕ್ಷನ್ ಬೇಕಾದರೆ ಮೆಲೋಕ್ಸಿಕ್ಯಾಮ್ ಕೇಳಿ. ಸತ್ತ ಜಾನುವಾರು ತಿಂದ ರಣಹದ್ದುಗಳನ್ನು ಕೊಲ್ಲುವ ನೋವಿನ ಔಷಧಿಗಳಾದ ಡೈಕ್ಲೋಫೆನಾಕ್ 2006ರಿಂದಲೂ, ಕೀಟೊಪ್ರೊಫೆನ್ 2023ರಿಂದಲೂ ಪಶು ಚಿಕಿತ್ಸೆಯಲ್ಲಿ ನಿಷಿದ್ಧ. ಕರುಳುಬೇನೆ ಲಸಿಕೆ ಮಾತ್ರ ಮುಂಗಾರಿಗೆ ಮೊದಲೇ ಎಲ್ಲಕ್ಕೂ ಆಗಬೇಕು.

ಅಕ್ಟೋಬರ್ ದಾಟಿದ ಮೇಲೆ ಊಬಿನ ಹುಲ್ಲು ದೊಡ್ಡ ಕಾಟ. ಅದರ ಬೀಜಕ್ಕೆ ಸೂಜಿಯಂಥ ಮೊನೆ, ಮೊನೆಯಲ್ಲಿ ಹಿಂದಕ್ಕೆ ಬಾಗಿದ ರೋಮ. ಒದ್ದೆಯಾದಾಗ ಬಾಲದ ಸುರುಳಿ ಬಿಚ್ಚುತ್ತಾ ತಿರುಗಿ ಉಣ್ಣೆಯೊಳಗೆ, ಚರ್ಮದೊಳಗೆ ಕೊರೆಯುತ್ತದೆ, ಕಣ್ಣಿಗೂ ಹೋಗುತ್ತದೆ. ಆ ಹುಲ್ಲು ದಟ್ಟವಾಗಿರುವ ತುಂಡನ್ನು ಹೂಬಿಡುವ ಮುಂಚೆ ಮೇಯಿಸಿ, ಆಮೇಲೆ ಬೀಜ ಪೂರ್ತಿ ಉದುರುವವರೆಗೆ ಬಿಟ್ಟುಬಿಡಿ. ಉಣ್ಣೆಯನ್ನು ಅದಕ್ಕೂ ಮೊದಲೇ ಕತ್ತರಿಸಿ.

ತೋಳ ಇರುವ ಕಡೆ ರಾತ್ರಿ ಕುರಿ ಕೂಡುವ ರೊಪ್ಪಕ್ಕೆ ಐದಡಿ ಬಲೆ ಕಟ್ಟಿ, ಹೊರಗೆ ಜಾಲಿಮುಳ್ಳು ಒಡ್ಡಿ. ಬಲೆಯ ಕೆಳಅಂಚಿಗೆ ಕಲ್ಲು ಹೇರಿ. ತೋಳ ನುಸುಳುವುದು ಹೆಚ್ಚಾಗಿ ಅಲ್ಲಿಂದಲೇ. ಮರಿಗಳನ್ನು ನಡುವೆ ಬೇರೆ ಗೂಡಿನಲ್ಲಿ ಕೂಡಿ. ಕುರಿ ಹೋದರೆ ಹೆಣವನ್ನು ಕದಲಿಸದೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರ ಕೇಳಿ. ಹೆಣಕ್ಕೆ ವಿಷ ಹಾಕಬೇಡಿ. ನರಿ, ಹದ್ದು, ನಿಮ್ಮದೇ ನಾಯಿ ಎಲ್ಲ ಸಾಯುತ್ತವೆ.

ನಾಯಿ ರೊಪ್ಪದ ಕಾವಲಿಗಿರಲಿ, ಹಗಲಲ್ಲಿ ಹುಲ್ಲಿನಲ್ಲಿ ಅಲೆಯಬಾರದು. ಕೃಷ್ಣಮೃಗದ ಮರಿ ಅಲ್ಲಿ ಅಡಗಿ ಮಲಗಿರುತ್ತದೆ. ನಾಯಿಗೆ ಹಸಿ ಕುರಿತಲೆ ಹಾಕಬೇಡಿ. ಮಿದುಳಿನ ನೀರುಗುಳ್ಳೆ ನಾಯಿಯ ಹೊಟ್ಟೆಗೆ ಹೋಗಿ ಲಾಡಿಹುಳವಾಗಿ, ಅದರ ಮೊಟ್ಟೆ ಹುಲ್ಲಿಗೆ ಬಿದ್ದು ಕುರಿಗೆ ಸುತ್ತುರೋಗ ಬರುತ್ತದೆ. ನಾಯಿಗೆ ಮೂರು ತಿಂಗಳಿಗೊಮ್ಮೆ ಲಾಡಿಹುಳದ ಔಷಧಿ ಪ್ರಾಜಿಕ್ವಾಂಟೆಲ್ ಕೊಡಿಸಿ.

ಬಳ್ಳಾರಿ ಜಾಲಿಯ ಕಾಯಿ ತಿಂದ ಕುರಿ ಬೀಜವನ್ನು ಹಿಕ್ಕೆಯಲ್ಲಿ ಕಾವಲಿಗೆಲ್ಲ ಬಿತ್ತುತ್ತದೆ. ಅಂಥ ಮಂದೆಯನ್ನು ಒಂದು ವಾರ ರೊಪ್ಪದಲ್ಲೇ ಕಟ್ಟಿ ಮೇಯಿಸಿ ಆಮೇಲೆ ಹುಲ್ಲಿಗೆ ಬಿಡಿ. ಹುಟ್ಟಿದ ಸಸಿಯನ್ನು ಮಚ್ಚಿನಿಂದ ಸವರಿದರೆ ಮತ್ತೆ ಚಿಗುರುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ ಒಂದಡಿ ಆಳಕ್ಕೆ ಬೇರುಸಮೇತ ಅಗೆದು ತೆಗೆಯಿರಿ.